ಬೈಯಲು ಬಾರದ ಕೊರಳಪಟ್ಟಿ

"ನಿನ್ನ ಬಾಯಾಗ ಹುಳ ಬೀಳಲಿ. ನಿನ್ನ ಮಷೀನ್ ಸುಟ್ಟು ಬೂದಿ ಆಗಲಿ."

ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ನೀಲಾಂಬಿಕಾ ಬಳಿಗಾರ ಫೋನಿನಲ್ಲಿ ನೋಡಿದ ಮೊದಲ ಸಂದೇಶ ಇದು. ಕಳಿಸಿದವರ ಹೆಸರಿನ ಜಾಗದಲ್ಲಿ 'ಹೊಳಿ' ಎಂದಷ್ಟೇ ಇತ್ತು. ನಿನ್ನೆಯೂ ಇದೇ ಹೆಸರಿನಿಂದ ಬಂದಿತ್ತು, ಮೊನ್ನೆಯೂ ಬಂದಿತ್ತು. ಒಂದು ದಿನ ಹುಳ, ಒಂದು ದಿನ ಮಣ್ಣು, ಒಂದು ದಿನ ಅವಳ ಇಡೀ ವಂಶ. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂಬುದು ಮಾತ್ರ ಯಾವುದರಲ್ಲೂ ಇರಲಿಲ್ಲ.

ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ತುತ್ತು ಉಪ್ಪಿಟ್ಟು ತಿಂದು ಮತ್ತೆ ತಿರುಗಿಸಿ ನೋಡಿದಳು. ಸ್ಕೂಟರ್ ಹತ್ತಿದ ಮೇಲೂ ಚೀಲದೊಳಗೆ ಅದು ಗುಂಯ್‌ಗುಟ್ಟಿದಂತಾಗಿ ನವನಗರದ ತಿರುವಿನಲ್ಲಿ ನಿಲ್ಲಿಸಿದಳು. ಏನೂ ಬಂದಿರಲಿಲ್ಲ. ಕೆಲವು ತಿಂಗಳಿಂದ ಅವಳ ದಿನಗಳೆಲ್ಲ ಹೀಗೇ ಆಗಿದ್ದವು.

ನೀಲಾ ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದಳು. ಪಾಠ ಮುಗಿದ ಮೇಲಿನ ಹೊತ್ತೆಲ್ಲ 'ಉಲಿ'ಯದು. ಗಂಟಲ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಮತ್ತೆ ಮಾತು ಕೊಡುವ ಕೊರಳಪಟ್ಟಿ ಅದು. ಧ್ವನಿಪೆಟ್ಟಿಗೆ ಹೋದರೂ ಮಾತಾಡು ಎಂಬ ಅಪ್ಪಣೆ ಮಿದುಳಿನಿಂದ ಬರುತ್ತಲೇ ಇರುತ್ತದೆ. ನಾಲಿಗೆ, ದವಡೆ, ಕೊರಳಿನ ಸ್ನಾಯುಗಳು ಎಂದಿನಂತೆ ಅಲುಗುತ್ತವೆ. ಅಲುಗುವಾಗ ಚರ್ಮದ ಮೇಲೆ ಏಳುವ ಅತಿ ಸಣ್ಣ ವಿದ್ಯುತ್ತನ್ನು ಪಟ್ಟಿಯ ಒಳಮೈಯ ಬಿಲ್ಲೆಗಳು ಹಿಡಿಯುತ್ತವೆ. ಸೊಂಟಕ್ಕೆ ಸಿಕ್ಕಿಸಿದ ಡಬ್ಬಿಯೊಳಗಿನ ತಂತ್ರಾಂಶ ಅದು ಯಾವ ಪದವಿರಬಹುದು ಎಂದು ಊಹಿಸುತ್ತದೆ, ಡಬ್ಬಿಯ ಸ್ಪೀಕರು ನುಡಿಯುತ್ತದೆ. ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಪಟ್ಟಿಯನ್ನು ಊರೂರಿನ ಮೊಬೈಲ್ ರಿಪೇರಿ ಅಂಗಡಿಯವರೇ ಜೋಡಿಸಿಕೊಡುತ್ತಿದ್ದರು. ಬೀದರಿನಿಂದ ಚಾಮರಾಜನಗರದವರೆಗೆ ಸಾವಿರಾರು ಜನ ಅದನ್ನು ಕಟ್ಟಿಕೊಂಡು ಓಡಾಡುತ್ತಿದ್ದರು. ಅವರೆಲ್ಲರ ದೂರು ಬಂದು ಬೀಳುವುದು ಎಲ್ಲರಿಗೂ ಕಾಣುವ ಒಂದೇ ಪುಟಕ್ಕೆ. ಆ ಪುಟವನ್ನು ನೋಡಿಕೊಳ್ಳುವವರು ಇಬ್ಬರೇ: ನೀಲಾ, ಮತ್ತು ಅದೇ ಕಾಲೇಜಿನ ಲ್ಯಾಬ್ ಬೋಧಕ ಇರ್ಫಾನ್ ನದಾಫ.

ಇರ್ಫಾನ್ ಆ ದಿನ ಲ್ಯಾಬಿಗೆ ಬಂದವನೇ ಕುರ್ಚಿ ಎಳೆದು ಕೂತ.

"ಮೇಡಂ, ಆ ಹೊಳಿ ಅನ್ನೋ ಮನಶ್ಯಾನ್ನ ಬಂದ್ ಮಾಡಿಬಿಡ್ತೀನಿ. ಪುಟದಾಗ ಕಾಲಿಡದಂಗ."

"ತಡೀರಿ, ಏನರ ತೊಂದ್ರಿ ಇರಬೇಕು."

"ತೊಂದ್ರಿ ಇದ್ರ ಹೇಳಬೇಕಿಲ್ರಿ? ಬರೇ ಬೈದ್ರ ನಮಗೇನ ತಿಳೀತೈತಿ? ನಾ ಮತ್ತ ಅದನ್ನ ಓದಾಂಗಿಲ್ಲ ಮೇಡಂ. ಒಮ್ಮೆ ಓದಿ ಸಾಕಾಗೇತಿ."

ಅವನು ಹೇಳುತ್ತಿದ್ದದ್ದು ಎರಡು ವರ್ಷದ ಹಿಂದಿನ ಸಂಗತಿ. ಊಹೆ ಎಂದ ಮೇಲೆ ಒಮ್ಮೊಮ್ಮೆ ತಪ್ಪುತ್ತದೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ ಎಲ್ಲರ ಮುಂದೆ ಎದ್ದು ನಿಂತು "ಬಾಳು ಮಗಳೇ" ಎಂದು ಹರಸಿದ್ದರು. ಬಾಯಿ ಆಡುವ ರೀತಿಯಲ್ಲಿ 'ಬಾಳು' ಮತ್ತು 'ಬೋಳಿ' ತೀರ ಹತ್ತಿರ. ಸ್ಪೀಕರಿನಿಂದ ಬಂದದ್ದು ಹರಕೆಯಲ್ಲ, ಯಾವ ತಾಯಿಯೂ ತೊಟ್ಟಿಲ ಮುಂದೆ ಕೇಳಬಾರದ ಬೈಗುಳ. ಆ ಮುದುಕರು ಪಟ್ಟಿ ಬಿಚ್ಚಿಟ್ಟವರು ಮತ್ತೆ ಮುಟ್ಟಲಿಲ್ಲ. ಯಾರೋ ಅದನ್ನು ವಿಡಿಯೋ ಮಾಡಿ ಹಂಚಿದರು. ಉಲಿಯನ್ನು ಎಂದೂ ಮುಟ್ಟದವರೂ ಪುಟಕ್ಕೆ ಬಂದು ಬೈದರು. ಇರ್ಫಾನ್‌ನ ತಾಯಿಯ ಹೆಸರು, ಅವನ ಓಣಿಯ ಹೆಸರು ಹುಡುಕಿ ತೆಗೆದು ಬರೆದರು. ಅವನು ಊಟ ಬಿಟ್ಟು ಮಲಗಿದ.

ಆಗ ನೀಲಾ ಕೂತಲ್ಲಿಂದ ಏಳದೆ ಒಂದು ಸಣ್ಣ ನಿಯಮ ಬರೆದು ಸೇರಿಸಿದ್ದಳು. ಯಾವ ಪದವೆಂಬ ಅನುಮಾನ ಬಂದಾಗ ಎರಡರಲ್ಲಿ ಮೆತ್ತಗಿನದನ್ನು ಆರಿಸು. ಅದಕ್ಕೆ 'ಸೌಮ್ಯ' ಎಂದು ಹೆಸರಿಟ್ಟಳು. ಬಿರುಗಾಳಿ ನಿಂತಿತು. ಸ್ವಲ್ಪ ದಿನದಲ್ಲೇ ಪುಟದಲ್ಲಿ ಹೊಗಳಿಕೆ ಕಾಣಿಸತೊಡಗಿತು.

ಆ ಹೊಗಳಿಕೆಯೇ ಈಗ ಅವಳ ಔಷಧಿ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಅವಳು ಮಾಡುತ್ತಿದ್ದ ಮೊದಲ ಕೆಲಸ ಅವನ್ನು ಓದುವುದು. 'ನಮ್ಮ ಅತ್ತೆಯವರು ಈಗ ಎಷ್ಟು ಮೃದುವಾಗಿ ಮಾತಾಡುತ್ತಾರೆ, ನಿಮ್ಮ ಹೊಟ್ಟೆ ತಣ್ಣಗಿರಲಿ.' 'ಮನೆಯಲ್ಲಿ ಶಾಂತಿ ನೆಲೆಸಿದೆ.' 'ಮದುವೆಯಾದಾಗಿನಿಂದ ಮೊದಲ ಸಲ ನಮ್ಮ ಯಜಮಾನರು ನನಗೆ ಕೂತುಕೋ ಅಂದರು.' ಕೊನೆಯದನ್ನು ಅವಳು ಎಷ್ಟೋ ಸಲ ಓದಿದ್ದಳು. ಆದರೂ ಬೆರಳು ತಾನಾಗಿಯೇ ಕೆಳಗೆ ಜಾರಿ ಹೊಳಿಯ ಹತ್ತಿರ ನಿಲ್ಲುತ್ತಿತ್ತು.

ಗಂಡ ಬಸವಪ್ರಭು ಪಶುವೈದ್ಯ. ಹಳ್ಳಿಯಿಂದ ಬಂದು ಬೂಟಿನ ಸಗಣಿ ಕೆರೆಯುತ್ತ ಅವಳನ್ನೇ ನೋಡುತ್ತಿದ್ದ.

"ಮತ್ತ ಅದನ್ನ ಓದಾಕತ್ತೀಯೇನ? ಹೊಟ್ಟಿಗಿ ಏನರ ಹಾಕ್ಕೊಂಡಿಯೋ ಇಲ್ಲೋ?"

"ಯಾಕ ಬೈತಾರ ಹೇಳ್ರಿ ಇವ್ರು? ನಾನೇನ ಇವ್ರ ಕಡಿಂದ ರೊಕ್ಕ ಇಸ್ಕೊಂಡೀನಾ? ಬ್ಯಾಡಾದ್ರ ತಗದ ಒಗೀಲಿ."

"ಒಗೀವಲ್ರಲ್ಲ, ಅದನ್ನ ನೋಡು. ದಿನಾ ಬಂದು ಬೈಯಾಕತ್ತಾರ ಅಂದ್ರ ಇನ್ನೂ ಬೇಕಾಗೇತಿ ಅವರಿಗೆ." ಅವನು ಬೂಟನ್ನು ಗೋಡೆಗೆ ಒರಗಿಸಿದ. "ಎಮ್ಮಿ ಒದ್ದ್ರ ನಾ ಅದರ ಮ್ಯಾಲ ಸಿಟ್ಟಾಗಾಂಗಿಲ್ಲ. ಎಲ್ಲಿ ಮುಟ್ಟಿದಾಗ ಒದೀತು ಅಂತ ನೋಡ್ತೀನಿ."

"ನಿಮ್ಮ ಎಮ್ಮಿ ನಿಮ್ಮವ್ವನ ಹೆಸರ ಹಿಡದು ಬೈಯಾಂಗಿಲ್ಲ."

"ಅದೂ ಖರೇನ," ಎಂದು ಅವನು ಸೋಪು ಹುಡುಕಿಕೊಂಡು ಬಚ್ಚಲಿಗೆ ಹೋದ.

ನೀಲಾಗೆ ಸಿಟ್ಟು ಬಂದಿತ್ತು. ಅಡುಗೆಮನೆಗೆ ಹೋಗಿ ಹಿಟ್ಟು ಕಲಸಿದಳು, ಅರ್ಧಕ್ಕೆ ಬಿಟ್ಟು ಬಾಲ್ಕನಿಗೆ ಬಂದಳು, ಮತ್ತೆ ಒಳಗೆ ಹೋದಳು. ಕೈಗೆ ಹಿಟ್ಟು ಮೆತ್ತಿದ್ದಂತೆಯೇ ಫೋನು ತೆಗೆದು ಹೊಳಿಯ ಕೊನೆಯ ಶಾಪದ ಕೆಳಗೆ ಬರೆದಳು: 'ನೀವು ಹೇಳಿದ್ದೇನು, ಅದು ನುಡಿದದ್ದೇನು?' ಅಷ್ಟೇ. ನಮಸ್ಕಾರವಿಲ್ಲ, ಕ್ಷಮಿಸಿ ಎಂಬುದಿಲ್ಲ.

ಉತ್ತರ ಮರುದಿನ ಅವಳು ಪಾಠ ಮಾಡುತ್ತಿದ್ದಾಗ ಬಂತು. ಬೋರ್ಡಿನ ಮೇಲೆ ಸರ್ಕ್ಯೂಟ್ ಅರ್ಧ ಬರೆದು ನಿಲ್ಲಿಸಿ, ಹುಡುಗರಿಗೆ ಬೆನ್ನು ಮಾಡಿ ನಿಂತು ಓದಿದಳು. ಮೊದಲು ಎಂದಿನ ಶಾಪಗಳೇ ಇದ್ದವು. ಕೊನೆಗೆ ಒಂದು ಸಾಲು.

'ನಾ ಭಾಡ್ಯಾ ಅಂದೆ. ಅದು ಭಾವಾ ಅಂತು. ಮಂದಿ ಎಲ್ಲಾ ನಕ್ಕರು.'

*

ಭಾನುವಾರ ಅವಳು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಮುಧೋಳದ ಬಸ್ಸು ಹತ್ತಿದಳು. ಇರ್ಫಾನ್ ಬರಲಿಲ್ಲ. "ನಾ ಅವ್ರ ಎದುರಿಗೆ ಕುಂತು ಮಾತಾಡಾಕ ಆಗಾಂಗಿಲ್ಲ ಮೇಡಂ" ಎಂದಿದ್ದ. ದಾರಿಯುದ್ದಕ್ಕೂ ಅವಳು ಹೇಳಬೇಕಾದ್ದನ್ನು ಜೋಡಿಸುತ್ತ, ಕೆಡವುತ್ತ ಕೂತಿದ್ದಳು. ಹೊಳಿ ಗಂಡಸು ಎಂದೇ ಅವಳು ಅಂದುಕೊಂಡಿದ್ದಳು. ವಿಳಾಸ ಕೇಳಿದಾಗ ಬಂದ ಉತ್ತರದಲ್ಲಿ 'ಹೊಳೆವ್ವ ತಳವಾರ, ಕಬಡ್ಡಿ ಕೋಚ್, ಹುಡುಗ್ಯಾರ ಮೈದಾನ' ಎಂದಿತ್ತು.

ಮೈದಾನದ ಅಂಚಿನ ಬೇವಿನ ಮರದಡಿ ಟ್ರ್ಯಾಕ್‌ಸೂಟ್ ತೊಟ್ಟ, ಗಟ್ಟಿ ಮೈಕಟ್ಟಿನ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು. ಕುತ್ತಿಗೆಯ ಬುಡದಲ್ಲಿ ಉಸಿರಾಟಕ್ಕೆ ಮಾಡಿದ ತೂತಿನ ಮೇಲೆ ಬಿಳಿ ಬಟ್ಟೆ. ಕೊರಳಲ್ಲಿ ಪಟ್ಟಿ ಇರಲಿಲ್ಲ. ಅದು ಪಕ್ಕದ ಕಲ್ಲಿನ ಮೇಲೆ, ಯಾರೋ ಬಿಟ್ಟುಹೋದ ಚಪ್ಪಲಿಯಂತೆ ಬಿದ್ದಿತ್ತು. ಹುಡುಗಿಯರು ದೂರದಲ್ಲಿ ಗೆರೆ ಎಳೆಯುತ್ತಿದ್ದರು.

"ನಾನು ನೀಲಾಂಬಿಕಾ. ಉಲಿ..." ಎಂದು ಶುರುಮಾಡಿದಳು ನೀಲಾ.

ಹೊಳೆವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ನೀಲಾಗೆ ನೆನಪಾಗಲಿಲ್ಲ. ಹೊಳೆವ್ವ ಫೋನು ತೆಗೆದು ಎರಡೂ ಹೆಬ್ಬೆರಳಿನಿಂದ ಬಡಬಡ ಒತ್ತಿ ತೋರಿಸಿದಳು. 'ಇಷ್ಟು ಸಣ್ಣಾಕಿ ಇದ್ದೀಯಂತ ಗೊತ್ತಿರಲಿಲ್ಲ. ಕೂಡ್ರು.'

ಹೀಗೆ ಒಬ್ಬಳು ಕೇಳುತ್ತ, ಒಬ್ಬಳು ಒತ್ತುತ್ತ, ಬಿಸಿಲು ಏರುವ ಹೊತ್ತಿಗೆ ನಡೆದದ್ದೆಲ್ಲ ಹೊರಬಂತು.

ಹೊಳೆವ್ವನ ಬಾಯಿ ಊರಿಗೇ ಗೊತ್ತಿತ್ತು. ಆಟಕ್ಕೆ ಬಂದ ಹುಡುಗಿಯರನ್ನು ಅವಳು ಎಮ್ಮೀ, ಕತ್ತೀ ಎನ್ನದೆ ಕರೆದದ್ದಿಲ್ಲ. ಬೈಯಿಸಿಕೊಳ್ಳದ ಹುಡುಗಿ 'ಮೇಡಂಗೆ ನನ್ನ ಮೇಲೆ ಅಕ್ಕರೆ ಇಲ್ಲ' ಎಂದು ಅಳುತ್ತಿದ್ದಳು. ಹೋದ ವರ್ಷ ಧ್ವನಿಪೆಟ್ಟಿಗೆ ತೆಗೆದ ಮೇಲೆ ಉಲಿ ಕಟ್ಟಿಕೊಂಡಳು. ಮೊದಲ ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಎಮ್ಮಿ ಎಂದರೆ ಅಮ್ಮ ಎನ್ನತೊಡಗಿತು. ಮೂಳಿ ಎಂದರೆ ಮಗಳೇ ಎಂದಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮನೆಯಲ್ಲಿ ಅಣ್ಣನ ಹೆಂಡತಿಗೆ ಮಾತ್ರ ಖುಷಿ. ದೊಡ್ಡ ರೋಗ ಬಂದು ನಮ್ಮ ನಾದಿನಿಗೆ ಒಳ್ಳೆ ಬುದ್ಧಿ ಬಂತು ಎಂದು ಓಣಿಯಲ್ಲೆಲ್ಲ ಹೇಳಿದಳು. ಹೊಳೆವ್ವ ತಿದ್ದಲು ನೋಡಿದಳು. ಅದೇ ಪದವನ್ನು ಗಟ್ಟಿಯಾಗಿ ಮತ್ತೆ ಮತ್ತೆ ಆಡಿದಳು. ಅದು ಮತ್ತೆ ಮತ್ತೆ ಮಗಳೇ ಎಂದಿತು.

ನಂತರ ಪಕ್ಕದ ತಾಲೂಕಿನಲ್ಲಿ ಪಂದ್ಯ. ಆಟ ಮುಗಿಸಿ ಹೊರಬರುವಾಗ ಒಬ್ಬ ಗಂಡಸು, ಕುಡಿದಿದ್ದವನು, ಸಂಗವ್ವ ಎಂಬ ಹುಡುಗಿಯ ಭುಜದ ಮೇಲೆ ಕೈ ಹಾಕಿದ. ಸಂಗವ್ವ ಅವಳ ಅತಿ ಚುರುಕಿನ ಆಟಗಾರ್ತಿ. ಹೊಳೆವ್ವ ನಡುವೆ ನುಗ್ಗಿ, ಮೈಯೆಲ್ಲ ಬಾಯಾಗಿ, "ಏ ಭಾಡ್ಯಾ, ಹಿಂದ ಸರಿ" ಎಂದಳು. ಸೊಂಟದ ಡಬ್ಬಿ ತಣ್ಣಗಿನ ದನಿಯಲ್ಲಿ "ಹೇ ಭಾವಾ, ಹಿಂದ ಸರೀರಿ" ಎಂದಿತು. ಸುತ್ತ ನಿಂತವರೆಲ್ಲ ಗೊಳ್ಳೆಂದರು. ಅವನು "ಬಂದೆ ನೋಡ ನಾದಿನೀ" ಎಂದು ಇನ್ನೂ ಹತ್ತಿರ ಬಂದ. ಹೊಳೆವ್ವ ಸೀಟಿ ಊದಲು ಹೋದಳು, ಅವಳ ಬಾಯಿಯಿಂದ ಗಾಳಿ ಬರುವುದು ನಿಂತು ಎಷ್ಟೋ ತಿಂಗಳಾಗಿತ್ತು. ಕೊನೆಗೆ ಅವನ ಎದೆಗೆ ಕೈಕೊಟ್ಟು ತಳ್ಳಿದಳು. ಗಲಾಟೆಯಾಗಿ ಯಾರೋ ಅವನನ್ನು ಎಳೆದುಕೊಂಡು ಹೋದರು. ಹೋಗುವಾಗಲೂ ಅವನು ನಗುತ್ತಲೇ ಇದ್ದ.

ಬಸ್ಸಿನಲ್ಲಿ ಹುಡುಗಿಯರು ಯಾರೂ ಅವಳ ಮುಖ ನೋಡಲಿಲ್ಲ. ಸಂಗವ್ವನ ಅಪ್ಪ ಮಗಳನ್ನು ಆಟ ಬಿಡಿಸಿದ. ನಿಮ್ಮ ಮೇಡಮ್ಮೇ ಅವನನ್ನ ಭಾವ ಅಂದಳಂತಲ್ಲ ಎಂದನಂತೆ.

ನೀಲಾ ಫೋನಿನಿಂದ ತಲೆ ಎತ್ತಿದಳು. "ಇದನ್ನ ಯಾಕ ಪುಟದಾಗ ಬರೀಲಿಲ್ರಿ ಅಕ್ಕಾರ? ಹಿಂಗಾಗೇತಿ ಅಂತ ಒಂದ ಮಾತು ಬರದಿದ್ರ..."

ಹೊಳೆವ್ವ ಒತ್ತಿದಳು. 'ಬೈಯಾಕ ನನಗ ಉಳಿದಿದ್ದು ಅದೊಂದ ಜಾಗ.' ಸ್ವಲ್ಪ ತಡೆದು ಮತ್ತೆ ಒತ್ತಿದಳು. 'ಅಲ್ಲೂ ವಿವರಾ ಬರಕೋತ ಕುಂದರಲೇನ?'

ನೀಲಾ ಕಲ್ಲಿನ ಮೇಲಿನ ಪಟ್ಟಿಯನ್ನು ಎತ್ತಿಕೊಂಡು ಹೊಳೆವ್ವನ ಕೊರಳಿಗೆ ತಾನೇ ಕಟ್ಟಿದಳು. ಡಬ್ಬಿಯಿಂದ ತಂತಿ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಈಗ ತಂತ್ರಾಂಶದ ಊಹೆ ಹಂತ ಹಂತವಾಗಿ ತೆರೆಯ ಮೇಲೆ ಕಾಣುತ್ತಿತ್ತು.

"ನನ್ನ ನೋಡಿ ಬೈರಿ. ಏನ ಬರ್ತೈತೋ ಎಲ್ಲಾ."

ಹೊಳೆವ್ವ ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ಬಿಡಲಿಲ್ಲ. ತುಟಿಗಳು ಆಡಿದವು, ಕುತ್ತಿಗೆಯ ನರಗಳು ಉಬ್ಬಿದವು. ಸ್ಪೀಕರು ಅಮ್ಮ, ಮಗಳೇ, ನಿಮ್ಮ ಮನೆತನ ಬೆಳಗಲಿ ಎಂದು ಹೇಳುತ್ತಲೇ ಹೋಯಿತು. ನೀಲಾ ಸ್ಪೀಕರನ್ನು ಕೇಳುತ್ತಿರಲಿಲ್ಲ. ತೆರೆಯ ಮೇಲೆ ಮೊದಲ ಹಂತದ ಊಹೆ ಬರುತ್ತಿತ್ತು, ಮತ್ತು ಪ್ರತಿಯೊಂದೂ ಸರಿಯಾಗಿತ್ತು. ಅವಳ ಕಣ್ಣೆದುರೇ, ಅವಳ ತಾಯಿಯಿಂದ ಹಿಡಿದು ಅವಳ ಓದಿನವರೆಗೆ, ಒಂದಕ್ಷರ ತಪ್ಪಿಲ್ಲದ ಬೈಗುಳ. ಮುಂದಿನ ಹಂತದಲ್ಲಿ ಸೌಮ್ಯ ಅದನ್ನು ಕೆಳಕ್ಕೆ ಒತ್ತಿ ಇನ್ನೊಂದನ್ನು ಮೇಲೆತ್ತುತ್ತಿತ್ತು.

ಅನುಮಾನ ಬಂದಾಗ ಮಾತ್ರ ಎಂದು ಅವಳು ಬರೆದಿದ್ದಳು. ಆದರೆ ತಂತ್ರಾಂಶ ತಾನು ನುಡಿದದ್ದರಿಂದಲೇ ಕಲಿಯುತ್ತದೆ. ಒಂದು ಸಲ ಅಮ್ಮ ಎಂದು ನುಡಿದರೆ ಅಮ್ಮ ಎಂಬುದೇ ಸರಿ ಎಂದುಕೊಂಡು, ಮುಂದಿನ ಸಲ ಎಮ್ಮಿಯ ಮೇಲೆ ಇನ್ನಷ್ಟು ಅನುಮಾನ ಪಡುತ್ತದೆ. ತಿಂಗಳುಗಟ್ಟಲೆ ಹೀಗೆ ಅನುಮಾನ ಪಟ್ಟು ಪಟ್ಟು, ಹೊಳೆವ್ವನ ಮಾತುಗಳನ್ನು ಒಂದೊಂದಾಗಿ ಕಿತ್ತು ಹಾಕಿತ್ತು. ಅವಳು ಗಟ್ಟಿಯಾಗಿ ಆಡಿದಷ್ಟೂ ಬೇಗ.

"ನಂದ ತಪ್ಪು" ಎಂದಳು ನೀಲಾ. "ಇದನ್ನ ಬರದಾಕಿ ನಾನ."

ಹೊಳೆವ್ವ ತೆರೆಯ ಮೇಲೆ ತನ್ನವೇ ಬೈಗುಳ ಸಾಲಾಗಿ ನಿಂತಿದ್ದನ್ನು ಬಗ್ಗಿ ಓದುತ್ತಿದ್ದಳು. ಅವಳ ಕಣ್ಣುಗಳು ತುಂಬಿದ್ದವು.

*

ವಾಪಸು ಬಂದ ಸಂಜೆ ನೀಲಾ ಮತ್ತೆ ಹೊಗಳಿಕೆಗಳನ್ನು ತೆರೆದಳು. ಗಂಡ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ.

"ಒಂದ ಮಾತು ಹೇಳ್ರಿ. ಇದನ್ನ ಬರದಾವರು ಯಾರು?" ಎಂದು ಓದಿದಳು. "ನಮ್ಮ ಅತ್ತೆಯವರು ಈಗ ಎಷ್ಟು ಮೃದುವಾಗಿ ಮಾತಾಡುತ್ತಾರೆ."

"ಸೊಸಿ."

"ಇದು? ಅಪ್ಪ ಈಗ ಯಾವುದಕ್ಕೂ ಇಲ್ಲ ಅನ್ನುವುದಿಲ್ಲ."

"ಮಗ." ಬಸವಪ್ರಭುವಿನ ಕೈ ನಿಂತಿತು.

"ಪಟ್ಟಿ ಕಟ್ಟಿಕೊಂಡಾವರು ಒಬ್ಬರೂ ಹೊಗಳಿಲ್ರಿ. ಎರಡು ವರ್ಷ ಇದನ್ನ ಓದಿ ನಾ ನಿದ್ದಿ ಮಾಡೀನಿ. ಹೊಗಳಿದವರೆಲ್ಲಾ ಕೇಳಿಸಿಕೊಳ್ಳೋ ಮಂದಿ. ಸೌಮ್ಯ ಬಂದ ಮ್ಯಾಲೆ ಬೈದವರು ಅಷ್ಟೂ ಮಂದಿ ಕಟ್ಟಿಕೊಂಡಾವರು."

"ಈ ಹೆಣ್ಣಮಗಳಿಗೆ ಗಂಡ ಕೂತುಕೋ ಅಂದನಂತಲ್ಲ," ಎಂದ ಅವನು ಫೋನಿನ ಕಡೆ ಬಗ್ಗಿ. "ಅದನ್ನೂ ಕಸ್ಕೊಳ್ತಿ ಏನು?"

ನೀಲಾ ಫೋನು ಕೆಳಗಿಟ್ಟಳು. ಆ ಹೆಂಗಸಿನ ಸುಖ ಸುಳ್ಳಲ್ಲ. ಮೊಮ್ಮಗಳ ತೊಟ್ಟಿಲ ಮುಂದೆ ತಲೆ ತಗ್ಗಿಸಿದ ಮಾಸ್ತರರ ದುಃಖವೂ ಸುಳ್ಳಲ್ಲ. ಅವಳು ಎದ್ದು ಕೋಣೆಯಿಂದ ಕೋಣೆಗೆ ತಿರುಗಾಡಿದಳು. ಎಷ್ಟು ತಿರುಗಿದರೂ ಒಂದೇ ಕಡೆ ಬಂದು ನಿಲ್ಲುತ್ತಿದ್ದಳು: ಆ ಗಂಡ ಕೂತುಕೋ ಎಂದಿದ್ದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಆ ಹೆಂಡತಿಗೂ ಗೊತ್ತಿಲ್ಲ.

ಮರುದಿನ ಲ್ಯಾಬಿನಲ್ಲಿ ಇರ್ಫಾನ್ ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ.

"ಸೌಮ್ಯ ತಗದ್ರ ಏನಾಗ್ತೈತಿ ನಿಮಗ ಗೊತ್ತೈತಿ ಮೇಡಂ. ಮನಿಮನ್ಯಾಗ ಜಗಳ. ಎಲ್ಲಾ ತಿರಗಿ ನಮ್ಮ ಮ್ಯಾಲೆ ಬರ್ತೈತಿ."

"ಪೂರಾ ತಗಿಯಾಂಗಿಲ್ಲ. ಬೇಕಾದವರು ಇಟ್ಟುಕೊಳ್ಳಲಿ. ಆದ್ರ ಬೇಕೋ ಬ್ಯಾಡೋ ಅನ್ನೂದು ಕಟ್ಟಿಕೊಂಡಾವರ ಕೈಯಾಗ ಇರಬೇಕು, ಮನಿ ಮಂದಿ ಕೈಯಾಗ ಅಲ್ಲ. ಡಬ್ಬಿ ಮ್ಯಾಲೆ ಗುಂಡಿ ಇಟ್ರ ಮಗ ಬಂದು ಒತ್ತತಾನ. ನಾಲಿಗಿ ಅಂಗುಳಕ್ಕ ಒತ್ತಿ ಹಿಡಿದ್ರ ಸೌಮ್ಯ ಚಾಲೂ, ಮತ್ತ ಒತ್ತಿದ್ರ ಬಂದ್. ಅದು ಅವರಿಗೆ ಬಿಟ್ಟು ಬ್ಯಾರೆ ಯಾರಿಗೂ ಸಾಧ್ಯ ಇಲ್ಲ."

ಇರ್ಫಾನ್ ಮೇಜಿನ ಮೇಲಿನ ತಂತಿಯ ತುಣುಕನ್ನು ಬೆರಳಿಗೆ ಸುತ್ತಿದ. "ಕೆಲಸಾ ನಾ ಮಾಡ್ತೀನಿ. ಪುಟಾ ಓದಾಂಗಿಲ್ಲ."

"ನೀವು ಓದಬ್ಯಾಡ್ರಿ. ನಾ ಓದ್ತೀನಿ."

ಹೀಗೆ ಮಾತಾಯಿತು. ಕಲಿತದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡುವ ದಾರಿ, ನಾಲಿಗೆಯ ಗುರುತು, ತಪ್ಪು ಪದ ಬಂದಾಗ ತಲೆ ಅಡ್ಡ ಆಡಿಸಿದರೆ ಅದನ್ನು ಮರೆಯುವ ವ್ಯವಸ್ಥೆ, ಎಲ್ಲಕ್ಕೂ ವಾರಗಳೇ ಹಿಡಿದವು. ನಡುನಡುವೆ ನೀಲಾ ಮುಧೋಳಕ್ಕೆ ಹೋಗಿ ಹೊಳೆವ್ವನ ಕೊರಳ ಮೇಲೆ ಪರೀಕ್ಷೆ ಮಾಡಿ ಬರುತ್ತಿದ್ದಳು. ಹೊಳೆವ್ವ ಪ್ರತಿ ಸಲ ಏನಾದರೊಂದು ತಪ್ಪು ಹಿಡಿಯುತ್ತಿದ್ದಳು. ಬೈಗುಳ ಕಡಿಮೆಯಾಗಲಿಲ್ಲ, ಆದರೆ ಈಗ ಪ್ರತಿ ಬೈಗುಳದ ಹಿಂದೆ ಏನು ಕೆಟ್ಟಿದೆ ಎಂದು ಒಂದು ಸಾಲು ಇರುತ್ತಿತ್ತು.

ಕೊನೆಯ ಪರೀಕ್ಷೆಯ ದಿನ ಹೊಳೆವ್ವ ಮೈದಾನದ ನಡುವೆ ನಿಂತು ಹೊಸ ಹುಡುಗಿಯೊಬ್ಬಳಿಗೆ "ಏ ಎಮ್ಮೀ, ಕಾಲ ಎಳದಕೊಳ್ಳ ಅಂದ್ರ ಏನ ಮೇಯಾಕತ್ತೀ" ಎಂದಳು. ಡಬ್ಬಿ ಅದನ್ನೇ ನುಡಿಯಿತು. ಹಳೆಯ ಹುಡುಗಿಯರು ಗಕ್ಕನೆ ನಿಂತರು, ಒಬ್ಬಳು ಚಪ್ಪಾಳೆ ತಟ್ಟಿದಳು. ಹೊಸ ಹುಡುಗಿ ಮಾತ್ರ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅವಳಿಗೆ 'ಮಗಳೇ' ಎನ್ನುವ ಮೇಡಂ ಅಷ್ಟೇ ಗೊತ್ತಿದ್ದಳು. ಹೊಳೆವ್ವ ಆ ಹುಡುಗಿಯ ಮುಂದೆ ಹೋಗಿ ನಿಂತಳು. ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಆಮೇಲೆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಕಾಲು ಹಿಂಗ ಎಳಕೋಬೇಕು, ನೋಡು" ಎಂದು ತಾನೇ ಎಳೆದು ತೋರಿಸಿದಳು.

ಅದೇ ಸಂಜೆ ಅವಳು ಸಂಗವ್ವನ ಮನೆಗೆ ಹೋದಳಂತೆ. ಅಪ್ಪನನ್ನು ಹೊರಗೆ ಕರೆದು ಓಣಿಯವರಿಗೆಲ್ಲ ಕೇಳುವಂತೆ, ಆ ದಿನ ತಾನು ಆ ಗಂಡಸಿಗೆ ಏನೆಂದಿದ್ದಳೋ ಅದನ್ನು ಅಕ್ಷರ ಬಿಡದೆ ಹೇಳಿದಳಂತೆ. ಅಪ್ಪ ಒಪ್ಪಲು ಇನ್ನೂ ಒಂದಷ್ಟು ದಿನ ಬೇಕಾಯಿತು. ಸಂಗವ್ವ ಆಟಕ್ಕೆ ಮರಳಿದಳು.

*

ಹೊಸ ಆವೃತ್ತಿ ಬಿಟ್ಟ ವಾರ ನೀಲಾ ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. 'ನಮ್ಮಪ್ಪನಿಗೆ ಏನು ಮಾಡಿದಿರಿ.' 'ಹಳೆಯದನ್ನು ವಾಪಸು ಕೊಡಿ.' 'ಮನೆ ಒಡೆದವಳೇ.' ಒಬ್ಬ ಹೆಂಗಸು ಸಾವಿನ ಮನೆಯಲ್ಲಿ ಸಮಾಧಾನ ಹೇಳಲು ಹೋದಾಗ ಡಬ್ಬಿ ತಪ್ಪು ಪದ ನುಡಿದು ಜಗಳವಾಗಿತ್ತು. ನೀಲಾ ಅವಳಿಗೆ ಫೋನು ಮಾಡಿ ಕ್ಷಮೆ ಕೇಳಿದಳು. ತಪ್ಪು ಪದಗಳ ದೂರು ಒಂದು ಕಡೆ, ಆಡಿದ್ದನ್ನೇ ನುಡಿಯಿತೆಂಬ ದೂರು ಇನ್ನೊಂದು ಕಡೆ ಎಂದು ಬೇರೆ ಮಾಡಿದಳು. ಮೊದಲನೆಯದನ್ನು ಇರ್ಫಾನ್‌ಗೆ, ಬೈಗುಳ ತೆಗೆದು ತಾನೇ ಬರೆದು ಕೊಟ್ಟಳು. ಎರಡನೆಯದಕ್ಕೆ ತಾನೇ ಉತ್ತರಿಸಿದಳು. ಕೂತುಕೋ ಎಂದು ಗಂಡನಿಂದ ಅನ್ನಿಸಿಕೊಂಡಿದ್ದ ಹೆಂಗಸು ಬರೆದಿದ್ದಳು: 'ನನ್ನ ಎರಡು ವರ್ಷ ಕಿತ್ತುಕೊಂಡಿರಿ.' ಅದಕ್ಕೆ ಉತ್ತರ ಬರೆಯಲು ನೀಲಾ ಮೂರ್ನಾಲ್ಕು ಸಲ ಕೂತು ಎದ್ದಳು. ಕಡೆಗೆ, 'ನಿಮಗೆ ನೋವಾಗಿದೆ. ಅವರು ಆಡುವ ಮಾತು ಅವರದು, ಅದನ್ನು ತಿದ್ದುವ ದಾರಿ ನನ್ನಲ್ಲಿಲ್ಲ. ನೀವು ಮಾತಾಡಬೇಕೆಂದರೆ ಇದು ನನ್ನ ನಂಬರು' ಎಂದು ಬರೆದಳು. ಆ ಹೆಂಗಸು ಫೋನು ಮಾಡಲಿಲ್ಲ.

ಅವಳು ಪುಟ ಓದುವುದನ್ನು ಬಿಡಲಿಲ್ಲ. ಓದುವುದು ಸುಲಭವಾಗಲಿಲ್ಲ. ಒಮ್ಮೆ ಊಟದ ನಡುವೆ ಗಂಡ ಅವಳ ಫೋನನ್ನು ತೆಗೆದು ಅಕ್ಕಿ ಡಬ್ಬದ ಮೇಲಿಟ್ಟ. ಅವಳು ಉಂಡು ಮುಗಿಸಿ, ಕೈ ತೊಳೆದು, ಅದನ್ನು ಎತ್ತಿಕೊಂಡಳು.

ಹೀಗಿರುವಾಗ ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬಿಸಿಲಿನಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು, ಕೈಯಲ್ಲಿ ಮಡಿಚಿದ ಛತ್ರಿ. ಇರ್ಫಾನ್ ಎದ್ದು ಒಳಗಿನ ಕೋಣೆಗೆ ಹೋದ.

"ಆ ಕೊಳ್ಳಾಗಿನ ಪಟ್ಟಿ ಮಾಡಿದವರು ಯಾರ್ರಿ?"

"ನಾನು. ಬರ್ರಿ, ಕೂಡ್ರಿ."

"ಕೂಡ್ರಾಕ ಬಂದಿಲ್ಲ ನಾ. ಬೀಳಗಿಯಿಂದ ಬಂದೀನಿ, ಶಿವಲೀಲಾ ಅಂತ. ನಮ್ಮ ಮಾವಾರು ಒಂದ ವರ್ಷದಿಂದ ಕಟ್ಟಿಕೊಂಡಾರ ಅದನ್ನ. ಎಷ್ಟ ಚಲೋ ಇದ್ರು ಅಂತೀರಿ. ಒಂದ ಮಾತು ಗಟ್ಟಿ ಆಡತಿದ್ದಿಲ್ಲ. ಮೊನ್ನಿಂದ ಏನ್ ಮಾಡೀರಿ ಅವರಿಗೆ? ನಿನ್ನೆ ಮಧ್ಯಾಹ್ನ ತಾಟಿನ ಮುಂದ ಕುಂತು ನನಗ ಅಂತಾರ, ಸಾರಿಗೆ ಉಪ್ಪ ಹಾಕೂದು ನಿಮ್ಮಪ್ಪನ ಮನ್ಯಾಗ ಕಲಸಿಲ್ಲೇನ ಅಂತ. ನಮ್ಮಪ್ಪನ ಸುದ್ದಿಗೆ ಬಂದ್ರು. ಬಾಜೂ ಮನಿಯವ್ರಿಗೂ ಕೇಳಿಸ್ತು."

ನೀಲಾ ಕೇಳುತ್ತ ನಿಂತಳು. ಶಿವಲೀಲಾ ಉಸಿರು ತೆಗೆದುಕೊಳ್ಳದೆ ಮಾತಾಡಿದಳು. ಅಪ್ಪನ ಮನೆಯ ಮರ್ಯಾದೆ, ಮಾವನ ಹಳೆಯ ಸಿಟ್ಟು, ಆಸ್ಪತ್ರೆಯಲ್ಲಿ ತಾನು ಮಾಡಿದ ಆರೈಕೆ, ಎಲ್ಲ ಬಂದು ಹೋಯಿತು.

"ಮೊದಲ ಏನಂತಿದ್ರು? ಉಪ್ಪು ಕಡಿಮಿ ಆದ್ರ?" ಎಂದು ನೀಲಾ ಕೇಳಿದಳು.

"ಏನೂ ಅಂತಿದ್ದಿಲ್ರಿ. ಚಲೋ ಐತಿ ತಂಗಿ ಅಂತಿದ್ರು. ಅಷ್ಟಂದು ಅರ್ಧಾ ರೊಟ್ಟಿ ಬಿಟ್ಟು ಎದ್ದು ಹೋಗ್ತಿದ್ರು. ಡಾಕ್ಟರು ತೂಕ ಇಳದೈತಿ ಅಂತ..." ಅವಳು ನಿಂತಳು. ಛತ್ರಿಯ ತುದಿಯನ್ನು ನೆಲಕ್ಕೆ ಊರಿದಳು.

"ನಿನ್ನೆ?"

"ನಿನ್ನೆ ಬೈದು ಉಪ್ಪ ಹಾಕಿಸ್ಕೊಂಡ್ರು." ಅವಳ ದನಿ ಇಳಿಯಿತು. "ಎರಡ ರೊಟ್ಟಿ ತಿಂದ್ರು."

ಒಳಗಿನ ಕೋಣೆಯಲ್ಲಿ ಇರ್ಫಾನ್‌ನ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

"ಅವರು ಮನಸ್ಸು ಮಾಡಿದ್ರ ಮತ್ತ ಮೊದಲಿನಂಗ ಆಗ್ತೈತ್ರಿ," ಎಂದಳು ನೀಲಾ. "ಆದ್ರ ಅದನ್ನ ನಾ ಮಾಡಾಕ ಬರಾಂಗಿಲ್ಲ, ನೀವೂ ಮಾಡಾಕ ಬರಾಂಗಿಲ್ಲ. ಅವರ ನಾಲಿಗಿಲೇ ಆಗಬೇಕು."

"ಅವ್ರು ಮಾಡಾಂಗಿಲ್ಲ ಬಿಡ್ರಿ. ನನಗ ಗೊತ್ತಿಲ್ಲೇನ ಅವ್ರು ಎಂಥಾವರಂತ."

ಶಿವಲೀಲಾ ಕಿಟಕಿಯ ಕಡೆ ತಿರುಗಿದಳು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಏನೋ ತೀರ್ಮಾನಕ್ಕೆ ಬಂದವಳಂತೆ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿದಳು.

"ಆತು. ಹಂಗಾರ ಇನ್ನ ಮಾವಾರ ಮುಂದ ನಾನೂ ಸುಮ್ಮ ಇರಾಂಗಿಲ್ಲ. ಇಷ್ಟ ದಿನಾ ಪಾಪ ಅಂತ ಬಿಟ್ಟಿದ್ದೆ," ಎಂದು ಹೇಳಿ, ಬಸ್ಸು ತಪ್ಪೀತೆಂದು ದಡದಡನೆ ಮೆಟ್ಟಿಲಿಳಿದು ಹೋದಳು.